ಇಂಜೆಕ್ಷನ್ ಮೋಲ್ಡಿಂಗ್ ಆದ ಮೇಲೆ ವಾಹಕತೆ ಯಾಕೆ ಬೀಳುತ್ತದೆ?

ಪ್ರಶ್ನೆ: ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ಗೆ ತೂಕದ 2% ಕಾರ್ಬನ್ ನ್ಯಾನೋಟ್ಯೂಬ್ (ವಿದ್ಯುತ್ ಹರಿಸುವ ಅತಿ ಸಣ್ಣ ಇಂಗಾಲದ ಕೊಳವೆ) ಬೆರೆಸಿದ್ದೇವೆ. ಹಾಟ್ ಪ್ರೆಸ್‌ನಲ್ಲಿ ಒತ್ತಿದ ಹಾಳೆಯಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಅದೇ ಮಾಲು ಇಂಜೆಕ್ಷನ್ ಮೋಲ್ಡಿಂಗ್ ಆದರೆ (ಕರಗಿಸಿ ಒತ್ತಡದಿಂದ ಅಚ್ಚಿಗೆ ತುಂಬಿದರೆ) ಮೇಲ್ಮೈ ಬಹುತೇಕ ಅವಾಹಕ. ಟ್ಯೂಬ್ ಹೆಚ್ಚಿಸಬೇಕೇ?

ಉತ್ತರ 1: ಈಗಲೇ ಬೇಡ. ತಣ್ಣನೆಯ ಅಚ್ಚಿನ ಗೋಡೆಯ ಬಳಿ ಟ್ಯೂಬ್‌ಗಳು ಹರಿವಿನ ದಿಕ್ಕಿಗೆ ಸಾಲಾಗಿ, ಪರಸ್ಪರ ಸಂಪರ್ಕ ತಪ್ಪಿ, ಹಾಗೇ ಹೆಪ್ಪುಗಟ್ಟುತ್ತವೆ. ಕರಗಿದ ಮಾಲಿನ ತಾಪ 280ರಿಂದ 310 ಡಿಗ್ರಿಗೆ ಏರಿಸಿ, ಇಂಜೆಕ್ಷನ್ ವೇಗ ತಗ್ಗಿಸಿ. ಕರಗಿಸುವ ಮುಂಚೆ ಪ್ಲಾಸ್ಟಿಕ್ ಕಾಳುಗಳನ್ನು 120 ಡಿಗ್ರಿಯಲ್ಲಿ 4 ಗಂಟೆ ಒಣಗಿಸಲೇಬೇಕು. ತೇವ ಉಳಿದರೆ ಕರಗಿಸುವ ಬಿಸಿಗೆ ಪಾಲಿಮರ್ ಸರಪಳಿ ತುಂಡಾಗಿ ಭಾಗ ಪೆಡಸಾಗುತ್ತದೆ.

ಉತ್ತರ 2: ಅದಕ್ಕೂ ಮುಂಚೆ ಮೇಲ್ಪದರ ಉಜ್ಜಿ ತೆಗೆದು, ಬೆಳ್ಳಿ ಪೇಂಟ್ ಹಚ್ಚಿ ಅಳೆಯಿರಿ. ರೋಧ ಇಳಿದರೆ ದೋಷ ಮೇಲ್ಪದರದ್ದೇ.

ಉತ್ತರ 3: ಇಂಥ ಮಾಲಿನಿಂದ ತೆಗೆದ ನೂಲಿನಲ್ಲೂ ಇದೇ ಪೇಚು: ಹೆಚ್ಚು ಎಳೆದರೆ ಬಲ ಏರುತ್ತದೆ, ಆದರೆ ಟ್ಯೂಬ್‌ಗಳ ವಾಹಕ ಜಾಲ ಕಡಿದುಹೋಗುತ್ತದೆ.