ಗಾಲಮ್‌ನದು ಕಾಯಿಲೆಯಾ, ಚಟವಾ?

ಮಳೆಹುಳು:
ನಮ್ಮಣ್ಣನಿಗೆ ಸ್ಕಿಜೋಫ್ರೇನಿಯಾ ಇದೆ, ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಮಾನಸಿಕ ಕಾಯಿಲೆ. ಒಂಬತ್ತು ವರ್ಷವಾಯಿತು. ಮೊನ್ನೆ ಗೆಳೆಯನೊಬ್ಬ ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿ ಬಗ್ಗೆ ಮಾತಾಡ್ತಾ, "ಗಾಲಮ್‌ಗೂ ನಿಮ್ಮಣ್ಣನ ಕಾಯಿಲೆಯೇ ಇರೋದು, ಒಳಗೆ ಇಬ್ಬರಿದ್ದಾರೆ ನೋಡು" ಅಂದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಾಲಮ್ ಅಂದರೆ ನನಗೆ ಜೀವ. ಆ ಕಥೆಯಲ್ಲಿ ಒಂದು ಮಾಯಾ ಉಂಗುರದ ಆಸೆಗೆ ಬಿದ್ದು ಹಾಳಾದವನು ಅವನು. ಬೆಟ್ಟದ ಬುಡದ ಕತ್ತಲಲ್ಲಿ ಹತ್ತಿರ ಹತ್ತಿರ 500 ವರ್ಷ ಒಬ್ಬನೇ ಇದ್ದವನು. ಹಸಿ ಮೀನು ತಿಂದುಕೊಂಡು, ತನ್ನ ಜೊತೆ ತಾನೇ ಮಾತಾಡಿಕೊಂಡು. ಅವನನ್ನು ಬರೀ ಖಳ ಅನ್ನುವವರ ಜೊತೆ ಎಷ್ಟೋ ಸಲ ಜಗಳ ಆಡಿದ್ದೇನೆ. ಆದರೆ ಅವನು ಕೊಲೆ ಮಾಡಿದ್ದೂ ನಿಜ. ಅವನಿಗೆ ಮಾನಸಿಕ ಕಾಯಿಲೆ ಅಂದುಬಿಟ್ಟರೆ, ಕಾಯಿಲೆ ಇರುವವರೆಲ್ಲ ಅಪಾಯ ಅಂದ ಹಾಗಲ್ವಾ? ನಮ್ಮಣ್ಣ ಜಿರಳೆ ಕಂಡರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುತ್ತಾನೆ.

ರಾತ್ರಿಪಾಳಿ:
ನಾನು ಮನೋರೋಗ ವಿಭಾಗದಲ್ಲಿ ನರ್ಸ್. ಒಳಗೆ ಇಬ್ಬರಿರುವುದು ಸ್ಕಿಜೋಫ್ರೇನಿಯಾ ಅಲ್ಲವೇ ಅಲ್ಲ. ಆ ಹೆಸರಿನಲ್ಲಿ ‘ಸೀಳು’ ಅನ್ನುವ ಅರ್ಥ ಇದೆ, ನಿಜ. 1908ರಲ್ಲಿ ಬ್ಲಾಯ್ಲರ್ ಎಂಬ ಸ್ವಿಸ್ ಮನೋವೈದ್ಯರು ಅದನ್ನು ಬಳಕೆಗೆ ತಂದರು. ಯೋಚನೆ, ಭಾವನೆಗಳ ನಡುವಿನ ಕೊಂಡಿ ಕಳಚುತ್ತದೆ ಅನ್ನುವುದು ಅವರ ಮಾತು. ಜನ ಅದನ್ನು ಇಬ್ಬರು ಮನುಷ್ಯರು ಅಂತ ಮಾಡಿಕೊಂಡರು.

ನಿಮ್ಮ ಗೆಳೆಯ ಒಬ್ಬರೇ ಅಲ್ಲ. 2004ರಲ್ಲಿ ಲಂಡನ್ನಿನ ಕೆಲವು ವೈದ್ಯಕೀಯ ವಿದ್ಯಾರ್ಥಿಗಳು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗಾಲಮ್‌ನನ್ನು ರೋಗಿಯಂತೆ ನೋಡಿ ಬರೆದಿದ್ದರು. ಅವರು 30 ವಿದ್ಯಾರ್ಥಿಗಳನ್ನು ಕೇಳಿದಾಗ ಹೆಚ್ಚಿನವರು ಹೇಳಿದ್ದು ಸ್ಕಿಜೋಫ್ರೇನಿಯಾ ಅಂತಲೇ. ಆದರೆ ಬರೆದವರು ಒಪ್ಪಲಿಲ್ಲ. ಉಂಗುರದ ಶಕ್ತಿ ಆ ಲೋಕದಲ್ಲಿ ನಿಜವೇ ಅಲ್ವಾ, ಭ್ರಮೆ ಅನ್ನುವುದು ಹೇಗೆ? ಒಳಗಿನ ಎರಡು ದನಿಗಳೂ ಒಂದನ್ನೊಂದು ಬಲ್ಲವು, ಜಗಳವಾಡುತ್ತವೆ. ಹಾಗಾಗಿ ಎರಡು ವ್ಯಕ್ತಿತ್ವದ ತೊಂದರೆಯೂ ಅಲ್ಲ ಅಂದರು. ಕೊನೆಗೆ ಸ್ಕಿಜಾಯ್ಡ್ ವ್ಯಕ್ತಿತ್ವ ಅಂತ ಬರೆದರು. ಅದು ನನಗೆ ಒಪ್ಪಿಗೆಯಿಲ್ಲ. ಅಂಥವರಿಗೆ ಜನರ ಹತ್ತಿರ ಬರುವುದೇ ಬೇಡ. ಗಾಲಮ್ ಹಾಗಲ್ಲ. ಆಮೇಲೆ ಆ ಉಂಗುರ ಹೊತ್ತು ಹೋಗುವ ಫ್ರೋಡೋ ಒಂದು ಒಳ್ಳೆ ಮಾತಾಡಿದರೆ ಕುಣಿಯುತ್ತಾನೆ, ಗದರಿದರೆ ಅಳುತ್ತಾನೆ.

ಇನ್ನೊಂದು ಮಾತು. ನಾನು ನೋಡಿಕೊಂಡವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಎತ್ತಿದವರಲ್ಲ. ಏಟು ತಿಂದು ಬಂದವರೇ ಜಾಸ್ತಿ.

ಆರನೇವರ್ಷ:
ಕುಡಿತ ಬಿಟ್ಟು ಆರು ವರ್ಷವಾದ ನನಗೆ ಗಾಲಮ್‌ನಲ್ಲಿ ಕಾಣುವುದು ಚಟ. ಉಂಗುರ ಕಂಡ ಸ್ವಲ್ಪ ಹೊತ್ತಿಗೇ ಗೆಳೆಯ ಡೀಗಲ್‌ನ ಕತ್ತು ಹಿಸುಕಿದ. ಆಮೇಲೆ ಅದು ತನ್ನ ಹುಟ್ಟುಹಬ್ಬದ ಉಡುಗೊರೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾ ಬಂದ. ಆ ಥರದ ಸುಳ್ಳು ನನಗೆ ಚೆನ್ನಾಗಿ ಗೊತ್ತು. ನಾನೂ ಒಂದನ್ನು ಹನ್ನೊಂದು ವರ್ಷ ಹೇಳಿಕೊಂಡಿದ್ದೆ. ಉಂಗುರದ ಮೇಲೆ ಅವನಿಗೆ ಪ್ರೀತಿಯೂ ಇದೆ, ದ್ವೇಷವೂ ಇದೆ. ಬಾಟಲಿಯ ಮೇಲೆ ನನಗೂ ಹಾಗೇ ಇತ್ತು.

ಮೆಟ್ಟಿಲಿನ ದೃಶ್ಯ ಇನ್ನೊಮ್ಮೆ ಓದಿ. ಫ್ರೋಡೋ, ಅವನ ಜೊತೆಗಾರ ಸ್ಯಾಮ್ ಇಬ್ಬರೂ ನಿದ್ದೆಯಲ್ಲಿರುತ್ತಾರೆ. ಗಾಲಮ್ ನಡುಗುವ ಕೈಯಿಂದ ಫ್ರೋಡೋನ ಮೊಣಕಾಲು ಮುಟ್ಟುತ್ತಾನೆ. ಆಗ ಸುಮ್ನೆ ಒಬ್ಬ ಸುಸ್ತಾದ ಮುದುಕನ ಹಾಗೆ ಕಾಣುತ್ತಾನೆ. ಅಷ್ಟರಲ್ಲಿ ಸ್ಯಾಮ್ ಎದ್ದು ಬೈಯುತ್ತಾನೆ, ಗಾಲಮ್ ಬದಲಾಗುವ ಅವಕಾಶ ಅಲ್ಲಿಗೆ ಮುಗಿಯಿತು. ಇಡೀ ಕಥೆಯಲ್ಲಿ ಬಹುಶಃ ಇದೇ ಅತ್ಯಂತ ದುರಂತದ ಗಳಿಗೆ ಅಂತ ಟೋಲ್ಕಿನ್ ಒಂದು ಪತ್ರದಲ್ಲಿ ಬರೆದಿದ್ದಾರೆ.

ಮಳೆಹುಳು:
ಇಬ್ಬರಿಗೂ ಥ್ಯಾಂಕ್ಸ್. ಹೆಚ್ಚಿನವರು ಗಾಲಮ್ ಅಂತಾರೆ, ಅದು ಅವನ ಗಂಟಲಿನ ಸದ್ದಿನಿಂದ ಬಂದ ಹೆಸರು. ಫ್ರೋಡೋ ಹೆಚ್ಚಾಗಿ ಸ್ಮೀಗಲ್ ಅಂತ ಹಳೇ ಹೆಸರು ಹಿಡಿದು ಕರೆಯುತ್ತಾನೆ. ಅಣ್ಣನನ್ನು ಕೆಲವು ನೆಂಟರು ಹೆಸರು ಹಿಡಿದು ಕರೆದು ವರ್ಷಗಳೇ ಆದವು. ‘ಅವನಿಗೆ ಹುಷಾರಿಲ್ವಲ್ಲ, ಅವನು’ ಅಂತಾರೆ.

ನಿನ್ನೆ ಆ ಮೆಟ್ಟಿಲಿನ ಪುಟಗಳನ್ನು ಅಣ್ಣನಿಗೆ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ, "ಸ್ಯಾಮ್ ಇನ್ನೊಂದು ಸ್ವಲ್ಪ ಹೊತ್ತು ಮಲಗಿದ್ದರೆ ಚೆನ್ನಾಗಿತ್ತು" ಅಂದ.