ಸಹಾಯ ಬೇಕು: ರಾತ್ರಿ ಬರುವ ಆಫೀಸ್ ಮೆಸೇಜ್‌ಗಳಿಗೆ ಏನು ಮಾಡಲಿ?

ಮನೆಯಿಂದಲೇ ಕೆಲಸ ಮಾಡುತ್ತೇನೆ. ಟೀಮಿನ ಅರ್ಧ ಜನ ಬೇರೆ ಟೈಮ್‌ಝೋನ್‌ನಲ್ಲಿದ್ದಾರೆ. ನಾನು ಮಗಳಿಗೆ ಊಟ ಮಾಡಿಸುವ ಹೊತ್ತಿಗೆ ಅವರಿಗೆ ಬೆಳಗಾಗುತ್ತದೆ. ಕ್ಯಾಲೆಂಡರ್‌ನಲ್ಲಿ ಸಂಜೆ 7ರಿಂದ 9 ಬ್ಲಾಕ್ ಮಾಡಿ ನೋಡಿದೆ, ಯಾರೂ ಗಮನಿಸಲಿಲ್ಲ. ನೋಟಿಫಿಕೇಶನ್ ಆಫ್ ಮಾಡಿದರೆ ಇನ್ನೂ ಕಷ್ಟ. ನಿಜವಾಗಿ ಅರ್ಜೆಂಟ್ ಇದ್ದದ್ದು ತಪ್ಪಿಹೋದರೆ ಅಂತ ಸುಮ್ನೆ ಫೋನ್ ತೆಗೆದು ನೋಡುತ್ತಲೇ ಇರುತ್ತೇನೆ. ಮ್ಯಾನೇಜರ್ ಹತ್ತಿರ ಮಾತಾಡಿದಾಗ "ನಾಳೆ ಉತ್ತರ ಕೊಟ್ಟರೂ ನಡೆಯುತ್ತೆ" ಅಂದರು. ರಾತ್ರಿ "ನೋಡಿದ್ರಾ?" ಅಂತ ಕೇಳುವುದೂ ಅವರೇ!

(ಕೆಲಸ ಇಷ್ಟವಾಗಿದೆ, ಬಿಡಿ ಅನ್ನುವ ಸಲಹೆ ಬೇಡ.)

ಅರ್ಜೆಂಟ್ ಇದ್ದರೆ ಮಾತ್ರ ಕಾಲ್ ಮಾಡಿ, ಉಳಿದದ್ದು ಬೆಳಗ್ಗೆ ನೋಡುತ್ತೇನೆ ಅಂತ ಇಡೀ ಟೀಮಿಗೆ ನಾನೇ ಬರೆದುಬಿಡಲಾ, ಅಥವಾ ಮ್ಯಾನೇಜರ್ ಬಾಯಿಂದ ಹೇಳಿಸಬೇಕಾ? ಮಾಡಿ ನೋಡಿದವರು ಹೇಳಿ, ಯಾವುದು ನಡೆಯಿತು?