ನಾಯಿಮರಿ ಮನೆಯವರ ಮಾತ್ರೆ ಅಗಿದುಬಿಟ್ಟರೆ: ಪಶುವೈದ್ಯರನ್ನು ಕೇಳಿ

ಅಡ್ಮಿನ್: ಇವತ್ತು ಡಾಕ್ಟರ್ ಮೇಡಂ ಉತ್ತರ ಕೊಡುತ್ತಾರೆ. ಮರಿಯ ತೂಕ, ಮಾತ್ರೆಯ ಹೆಸರು, ತಿಂದು ಎಷ್ಟು ಹೊತ್ತಾಯಿತು, ಮೂರನ್ನೂ ಬರೆಯಿರಿ.

ಮೈಸೂರಿನ ಸದಸ್ಯ: ನಮಸ್ಕಾರ ಮೇಡಂ. ಮೂರು ತಿಂಗಳ ಮರಿ, ಮೈ ಬಿಸಿ ಇದೆ. ಡೋಲೋ 650 ಅರ್ಧ ಕೊಡಬಹುದಾ?

ವೈದ್ಯೆ: ಬೇಡ. ಅದು ಪ್ಯಾರಾಸಿಟಮಾಲ್, ಲಿವರ್‌ಗೆ ಏಟು. ನಾಯಿಯ ಮೈ ನಮಗಿಂತ ಬಿಸಿಯೇ ಇರುತ್ತದೆ, ಮುಟ್ಟಿ ನೋಡಿ ಜ್ವರ ಅನ್ನಬೇಡಿ. ಆಸ್ಪತ್ರೆಯಲ್ಲಿ ತೋರಿಸಿ.

ದಾವಣಗೆರೆಯ ಸದಸ್ಯ: ಮರಿಗೆ ಸಿಕ್ಕಿದ್ದೆಲ್ಲ ಕಚ್ಚುವ ಚಟ. ಬಿಡಿಸುವುದು ಹೇಗೆ ಮೇಡಂ?

ಹಾಸನದ ಸದಸ್ಯೆ: ಮೇಡಂ, ಅತ್ತೆಯವರು ವಾರಕ್ಕೊಂದು ನುಂಗುವ ವಿಟಮಿನ್ ಡಿ ಕ್ಯಾಪ್ಸೂಲ್, 60,000 ಯೂನಿಟ್‌ದು. ನಾಲ್ಕರ ಸ್ಟ್ರಿಪ್‌ನಲ್ಲಿ ಮೂರು ಇಲ್ಲ. ಸ್ಟ್ರಿಪ್ ತುಂಬ ಹಲ್ಲಿನ ತೂತು, ನೆಲವೆಲ್ಲ ಎಣ್ಣೆ ಜಿಡ್ಡು. ಮರಿ 5 ಕೆಜಿ. ಒಂದು ಗಂಟೆ ಆಗಿರಬಹುದು. ಆರಾಮಾಗಿ ಕುಣಿಯುತ್ತಿದೆ. ವಿಟಮಿನ್ ಅಲ್ವಾ, ಏನೂ ಆಗಲ್ಲ ಅಂತಾರೆ ನಮ್ಮ ಯಜಮಾನರು.

ವೈದ್ಯೆ: ಯಜಮಾನರು ಗಾಡಿ ತೆಗೆಯಲಿ. ಈಗಲೇ ಪಶು ಆಸ್ಪತ್ರೆಗೆ ಹೊರಡಿ, ಉಳಿದದ್ದು ದಾರಿಯಲ್ಲಿ ಓದಿ. ಒಂದು ಕ್ಯಾಪ್ಸೂಲ್‌ನಲ್ಲಿ 1.5 ಮಿಲಿಗ್ರಾಂ ವಿಟಮಿನ್ ಡಿ3 ಇರುತ್ತದೆ. ನಾಯಿಗೆ ಕೆಜಿಗೆ 0.1 ಮಿಲಿಗ್ರಾಂ ದಾಟಿದರೇ ಚಿಕಿತ್ಸೆ ಬೇಕು. ನಿಮ್ಮ ಮರಿಗೆ ಒಂದೇ ಹೋಗಿದ್ದರೂ ಜಾಸ್ತಿ, ಮೂರೂ ಹೋಗಿದ್ದರೆ ಕೆಜಿಗೆ 0.9. ಇಲಿ ಪಾಷಾಣಕ್ಕೂ ಇದೇ ಡಿ3 ಬಳಸುತ್ತಾರೆ. ಮರಿ ಕುಣಿಯುತ್ತಿರುವುದೇ ನನಗೆ ಹೆದರಿಕೆ, ಏಕೆಂದರೆ ಲಕ್ಷಣ ತೋರಲು ಅರ್ಧ ದಿನ, ಒಂದೂವರೆ ದಿನ ಬೇಕಾಗಬಹುದು. ಆಮೇಲೆ ಊಟ ಬಿಡುತ್ತದೆ, ವಾಂತಿ ಮಾಡುತ್ತದೆ, ನೀರು ಜಾಸ್ತಿ ಕುಡಿದು ಜಾಸ್ತಿ ಉಚ್ಚೆ ಹೊಯ್ಯುತ್ತದೆ. ಅಷ್ಟರಲ್ಲಿ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿ ಕೆಟ್ಟಿರುತ್ತದೆ. ಒಂದು ಗಂಟೆ ಅಂದರೆ ಇನ್ನೂ ಸಮಯವಿದೆ. ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸುತ್ತಾರೆ, ಇದ್ದಿಲಿನ ಔಷಧಿ ಕೊಡುತ್ತಾರೆ. ಆ ಸ್ಟ್ರಿಪ್ ಜೊತೆಗೇ ಒಯ್ಯಿರಿ.

ಶಿವಮೊಗ್ಗದ ಸದಸ್ಯ: ಫಾರ್ವರ್ಡ್ ಬಂದದ್ದು: ಒಂದು ಲೋಟ ನೀರಿಗೆ ಎರಡು ಚಮಚ ಉಪ್ಪು ಕದಡಿ ಕುಡಿಸಿ. ಎಲ್ಲ ವಿಷ ಹೊರಗೆ. ನೂರಕ್ಕೆ ನೂರು.

ವೈದ್ಯೆ: ಯಾರೂ ಮಾಡಬೇಡಿ! ಉಪ್ಪೇ ವಿಷವಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿಗೆ ಪೆಟ್ಟು, ಫಿಟ್ಸ್ ಬರುತ್ತದೆ.

ಮಂಡ್ಯದ ಸದಸ್ಯೆ: ಹಾಗಾದರೆ ಹಾಲು?

ವೈದ್ಯೆ: ಹಾಲು ವಿಷ ಇಳಿಸುವುದಿಲ್ಲ. ಹಾಸನದ ಮರಿಗಂತೂ ಬೇಡವೇ ಬೇಡ. ಹಾಲಿನ ಕೊಬ್ಬು ವಿಟಮಿನ್ ಡಿ ಹೀರಲು ಸಹಾಯ ಮಾಡುತ್ತದೆ, ಮೇಲೆ ಕ್ಯಾಲ್ಸಿಯಂ ಬೇರೆ.

ಶಿವಮೊಗ್ಗದ ಸದಸ್ಯ: ನಮ್ಮ ಅಜ್ಜನ ಕಾಲದಿಂದ ಉಪ್ಪುನೀರೇ. ಯಾವ ನಾಯಿಯೂ ಸತ್ತಿಲ್ಲ.

ಬೆಂಗಳೂರಿನ ಸದಸ್ಯೆ: ಅಜ್ಜನ ಕಾಲದಲ್ಲಿ 60,000 ಯೂನಿಟ್ ಕ್ಯಾಪ್ಸೂಲ್ ಇತ್ತಾ? ಡಾಕ್ಟರ್ ಬೇಡ ಅಂದಮೇಲೂ ಯಾಕ್ರೀ ಹಠ?

ಶಿವಮೊಗ್ಗದ ಸದಸ್ಯ: ನಿಮಗೆ ಬೀದಿಗೊಂದು ಕ್ಲಿನಿಕ್. ನಮ್ಮ ಹಳ್ಳಿಯಲ್ಲಿ ರಾತ್ರಿ ಏನು ಮಾಡಬೇಕು, ನೀವೇ ಹೇಳಿ.

ವೈದ್ಯೆ: ಅದು ನ್ಯಾಯವಾದ ಪ್ರಶ್ನೆ. ಪರಿಚಯದ ಪಶುವೈದ್ಯರ ನಂಬರ್ ಮೊದಲೇ ಇಟ್ಟುಕೊಳ್ಳಿ, ಪಶು ಸಹಾಯವಾಣಿ 1962ಕ್ಕೂ ಫೋನ್ ಮಾಡಿ ಕೇಳಿ. ಉಪ್ಪು ಮಾತ್ರ ಬೇಡ.

ತುಮಕೂರಿನ ಸದಸ್ಯ: ಶುಗರ್ ಮಾತ್ರೆ ಒಂದು ನುಂಗಿದೆ. ಮಲಗಿದೆ, ಎಬ್ಬಿಸುವುದು ಬೇಡ ಅಲ್ವಾ?

ವೈದ್ಯೆ: ಎಬ್ಬಿಸಿ! ಗ್ಲಿಮೆಪಿರೈಡ್ ಇದ್ದರೆ ಅದು ನಿದ್ದೆಯಾಗಿರಲಿಕ್ಕಿಲ್ಲ, ಸಕ್ಕರೆ ಇಳಿದಿರಬಹುದು. ಒಸಡಿಗೆ ಸಕ್ಕರೆ ಪಾಕ ಸವರಿ, ಗಂಟಲಿಗೆ ಸುರಿಯಬೇಡಿ, ಹಾಗೇ ಆಸ್ಪತ್ರೆಗೆ ಓಡಿ.

ಕೋಲಾರದ ಸದಸ್ಯ: ಬೆಕ್ಕಿಗೆ ಡೋಲೋ ಕಾಲು ಭಾಗ?

ವೈದ್ಯೆ: ಸಾಯುತ್ತದೆ. ಮೇಲೆ ಓದಿ ಕೇಳಿ.

ಬೆಳಗಾವಿಯ ಸದಸ್ಯ: ಡೋಲೋ ಬೇಡ ಸರಿ, ಕಾಂಬಿಫ್ಲಾಮ್?

ವೈದ್ಯೆ: ಅದರಲ್ಲೂ ಪ್ಯಾರಾಸಿಟಮಾಲ್ ಇದೆ, ಜೊತೆಗೆ ಐಬುಪ್ರೊಫೆನ್. ಹೊಟ್ಟೆ ಹುಣ್ಣು, ಕಿಡ್ನಿ ಎರಡೂ. ಮನುಷ್ಯರ ನೋವಿನ ಮಾತ್ರೆ ಯಾವುದೂ ಬೇಡ. ಇನ್ನು ಇದನ್ನು ಕೇಳಬೇಡಿ.

ದಾವಣಗೆರೆಯ ಸದಸ್ಯ: ಕಚ್ಚುವ ಚಟದ ಬಗ್ಗೆ ಎರಡನೇ ಸಲ ಕೇಳುತ್ತಿದ್ದೇನೆ.

ಮಂಡ್ಯದ ಸದಸ್ಯೆ: ಮಾತ್ರೆ ನೆಲದ ಮೇಲೆ ಬಿಡುವವರು ನಾಯಿ ಸಾಕಲೇಬಾರದು.

ಬೆಂಗಳೂರಿನ ಸದಸ್ಯೆ: ಅಲ್ಲಿ ಅವರ ಮರಿ ಆಸ್ಪತ್ರೆಯಲ್ಲಿದೆ. ಸ್ವಲ್ಪ ಬಾಯಿ ಮುಚ್ಚಿ.

ಹಾಸನದ ಸದಸ್ಯೆ: ವಾಂತಿ ಮಾಡಿಸಿದರು, ಕಪ್ಪು ಔಷಧಿ ಕೊಟ್ಟರು. ಈಗ ಬಾಲ ಆಡಿಸುತ್ತಿದೆ. ಮನೆಗೆ ಕರೆದುಕೊಂಡು ಹೋಗೋಣ ಅಂತಾರೆ ಯಜಮಾನರು.

ವೈದ್ಯೆ: ಅಲ್ಲಿನ ಡಾಕ್ಟರ್ ಹೇಳದೆ ಹೊರಡಬೇಡಿ. ಇವತ್ತೇ ಕ್ಯಾಲ್ಸಿಯಂ, ಫಾಸ್ಫರಸ್, ಕಿಡ್ನಿ ಪರೀಕ್ಷೆಗೆ ರಕ್ತ ತೆಗೆಸಿ. ಇದೇ ಪರೀಕ್ಷೆ ನಾಲ್ಕು ದಿನವಾದರೂ ದಿನಾ ಆಗಬೇಕು. ರಿಪೋರ್ಟ್ ಬಂದ ಕೂಡಲೇ ಫೋಟೋ ಹಾಕಿ, ನಾನು ನೋಡುತ್ತೇನೆ.